ಕೋಳಿ ಕಾಲು ಮತ್ತು ಕಂದನಕಾಯಿ

ಇಡೀ ಕೋಳಿ ಕೊಳ್ಳುವವರು ಹೆಚ್ಚು ಮಾತಾಡುವುದಿಲ್ಲ. ಚೀಲ ಹಿಡಿದು ಹೊರಟುಬಿಡುತ್ತಾರೆ. ಕಾಲು, ಕತ್ತು, ಕಂದನಕಾಯಿ ಕೇಳಿಕೊಂಡು ಬರುವವರು ಮಾತ್ರ ಒಂದೊಂದು ಕಥೆಯ ಸಮೇತ ಬರುತ್ತಾರೆ. ಚಿನ್ನದ ಗಣಿಯ ಊರು ರಾಬರ್ಟ್‌ಸನ್‌ಪೇಟೆಯಲ್ಲಿ ನನ್ನ ಕೋಳಿ ಅಂಗಡಿ ಇದ್ದಷ್ಟು ಕಾಲವೂ ಇದು ನಿಂತದ್ದೇ ಇಲ್ಲ. ಈಗ ಮಧ್ಯಾಹ್ನ ಊಟ ಮಾಡಿ ಕಣ್ಣು ಮುಚ್ಚಿದರೆ ಸಾಕು, ಅವರೆಲ್ಲ ಆ ಊರಿನ ಬೆಳಗಿನ ಮಂಜಿನೊಳಗಿಂದ ಒಬ್ಬೊಬ್ಬರಾಗಿ ನಡೆದುಬಂದು ನನ್ನ ಮುಂದೆ ನಿಲ್ಲುತ್ತಾರೆ.

ಕಂದನಕಾಯಿ ಗೊತ್ತಿಲ್ಲದವರಿಗೆ ಒಂದು ಮಾತು: ಕೋಳಿ ನುಂಗಿದ ಕಾಳನ್ನು ಅರೆಯುವ ಗಟ್ಟಿ ಚೀಲ ಅದು. ಕೊಯ್ದು ನೋಡಿದರೆ ಒಳಗೆ ಮರಳು, ಸಣ್ಣ ಕಲ್ಲು ಇರುತ್ತವೆ. ಹೆಸರು ತೆಲುಗಿನದು, ರುಚಿಗೆ ಭಾಷೆ ಇಲ್ಲ.

ನಾಯಿಗೆ ಅಂತ

ಗಣಿ ಆಫೀಸಿನಿಂದ ರಿಟೈರಾದ ಒಬ್ಬರ ಹೆಂಡತಿ ವಾರಕ್ಕೊಮ್ಮೆ ಬರುತ್ತಿದ್ದರು. ಅಂಗಡಿ ಖಾಲಿಯಾಗುವವರೆಗೂ ದೂರದಲ್ಲಿ ನಿಂತಿದ್ದು, ಆಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳುತ್ತಿದ್ದರು: "ಸ್ವಲ್ಪ ಕಾಲು ಇದ್ರೆ ಕೊಡಪ್ಪಾ. ನಾಯಿಗೆ."

ಆಗ ಕೋಳಿ ಕಾಲು ತಿನ್ನುತ್ತೇವೆ ಅಂದರೆ ಮರ್ಯಾದೆ ಹೋಗುತ್ತದೆ ಅಂತ ಕೆಲವರಿಗಿತ್ತು. ನಾನೂ ಹೆಚ್ಚು ಕೇಳುತ್ತಿರಲಿಲ್ಲ. ಕೆಂಡದ ಮೇಲೆ ಸುಟ್ಟು, ಹಳದಿ ಸಿಪ್ಪೆ ಸುಲಿದು, ಉಗುರು ಕತ್ತರಿಸಿ ಕೊಡುತ್ತಿದ್ದೆ. ಒಂದು ಚಳಿಗಾಲದಲ್ಲಿ ಅವರು ಬರಲಿಲ್ಲ. ಮೈ ಸರಿಯಿಲ್ಲವೇನೋ ಅಂದುಕೊಂಡು, ಸಂಜೆ ಸೈಕಲ್ಲಿನಲ್ಲಿ ಮನೆಗೇ ತೆಗೆದುಕೊಂಡು ಹೋದೆ. ಗೇಟಿನಲ್ಲಿ ನಾಯಿ ಇರಲಿಲ್ಲ. ಅಂಗಳದಲ್ಲಿ ಸರಪಳಿಯೂ ಇರಲಿಲ್ಲ.

"ನಾಯಿಗೆ ತಂದಿದೀನಮ್ಮಾ" ಅಂದೆ.

ಆಕೆ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಗಂಡಸಿನ ಕೆಮ್ಮು ಕೇಳಿಸಿತು. ಹಿಂದೆಯೇ ತಮಿಳಿನಲ್ಲಿ ಒಂದು ಕೂಗು: "ಮೊಳಗು ಕೊಂಜಂ ಜಾಸ್ತಿ ಪೋಡುಮ್ಮಾ!" ಮೆಣಸು ಸ್ವಲ್ಪ ಜಾಸ್ತಿ ಹಾಕಮ್ಮ ಅಂತ.

ಆಕೆಯ ಮುಖ ಕೆಂಪಾಯಿತು. ನಾನು ಪೊಟ್ಟಣ ಕೊಟ್ಟು ಸೈಕಲ್ ತಿರುಗಿಸಿದೆ. "ಬಾಳ ಬುದ್ಧಿವಂತ ನಾಯಿ ಕಣಮ್ಮಾ. ಚೆನ್ನಾಗಿ ನೋಡ್ಕಳಿ."

ಅಳಿಯಂದಿರ ಕೋಳಿ

ಬಂಗಾರಪೇಟೆ ಕಡೆಯ ಹಳ್ಳಿಗಳಲ್ಲಿ ಕಂದನಕಾಯಿ ಅಳಿಯನಿಗೆ ಸೇರಿದ್ದು. ಒಬ್ಬ ರೈತನಿಗೆ ಇಬ್ಬರು ಅಳಿಯಂದಿರು. ಹಬ್ಬಕ್ಕೆ ಇಬ್ಬರೂ ಒಟ್ಟಿಗೆ ಬಂದಿದ್ದರು. ಹಿಂದಿನ ಸಲ ಕಂದನಕಾಯಿ ಚಿಕ್ಕವನ ತಟ್ಟೆಗೆ ಬಿತ್ತೆಂದು ದೊಡ್ಡವನು ಅರ್ಧ ಊಟದಲ್ಲಿ ಎದ್ದು ಸ್ಟೇಷನ್ನಿಗೆ ಹೋಗಿದ್ದನಂತೆ. ಅವನನ್ನು ಒಲಿಸಿ ಮತ್ತೆ ಕರೆಸಲು ಮಗಳು ವರ್ಷವಿಡೀ ಅತ್ತಿದ್ದಳಂತೆ.

"ಎರಡು ಕಂದನಕಾಯಿ ಇರೋ ಕೋಳಿ ಎಲ್ಲಾದ್ರೂ ಸಿಕ್ತದಾ ಸ್ವಾಮಿ?" ಅಂತ ರೈತ ನನ್ನ ಅಂಗಡಿಗೆ ಬಂದು ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದ.

"ನಿಮ್ಮನೇಲಿ ಸಾಕಿದ ಕೋಳೀನೇ ಕೊಯ್ರಿ" ಅಂದು, ಒಂದು ಕಂದನಕಾಯಿ ಎಲೆಯಲ್ಲಿ ಕಟ್ಟಿಕೊಟ್ಟೆ. "ಇದನ್ನೂ ಅದರ ಜೊತೆ ಬೇಯಿಸಿ. ಯಾರಿಗೂ ಏಳ್ಬೇಡಿ."

ಹಬ್ಬ ಸುಖವಾಗಿ ಮುಗಿಯಿತು. ಮುಂದಿನ ವಾರ ಇಬ್ಬರು ಅಳಿಯಂದಿರೂ ಹೆಗಲ ಮೇಲೆ ಕೈ ಹಾಕಿಕೊಂಡು ನನ್ನ ಅಂಗಡಿಗೆ ಬಂದರು. ದೊಡ್ಡವನು ಗುಟ್ಟಿನಲ್ಲಿ ಕೇಳಿದ: "ಅಣ್ಣಾ, ನಮ್ ಮಾವ ಸಾಕೋ ಜಾತಿ ಕೋಳಿ, ಒಂದರಲ್ಲಿ ಎರಡೆರಡು ಇರ್ತದಲ್ಲ, ಅದರ ಮರಿ ಐತಾ?"

ಮಾರಿಕುಪ್ಪಂ ರೈಲಿನಲ್ಲಿ

ಬಂಗಾರಪೇಟೆಯ ಅಂಗಡಿಗಳಲ್ಲಿ ಉಳಿದ ಕಾಲುಗಳನ್ನು ಚೀಲಕ್ಕೆ ತುಂಬಿಕೊಂಡು ನಾನು ಬೆಳಗಿನ ಮಾರಿಕುಪ್ಪಂ ರೈಲು ಹಿಡಿಯುತ್ತಿದ್ದೆ. ಗಣಿ ಕೆಲಸದವರು ಸಾಲಾಗಿ ವಾಸಿಸುವ ಲೈನ್ ಮನೆಗಳಲ್ಲಿ ಕೆಮ್ಮಿಗೆ ಕಾಲಿನ ಸೂಪು ಬೇಕೇ ಬೇಕು. ಆ ರೈಲು ಓಡುತ್ತಿತ್ತು ಅನ್ನುವುದಕ್ಕಿಂತ ತೊಟ್ಟಿಲಿನ ಹಾಗೆ ತೂಗುತ್ತಿತ್ತು ಅನ್ನಬೇಕು. ಕಿಟಕಿಯಾಚೆ ಮಂಜು, ಮಂಜಿನ ಮೇಲೆ ಗಣಿ ಮಣ್ಣಿನ ಬಿಳಿ ದಿಬ್ಬಗಳು ಮೋಡಗಳಂತೆ ತೇಲುತ್ತಿದ್ದವು. ಡಬ್ಬಿಯಲ್ಲಿ ಎಚ್ಚರವಿದ್ದವರೇ ಕಡಿಮೆ.

ಒಂದು ದಿನ ನನ್ನ ಪಕ್ಕದಲ್ಲಿ ಒಬ್ಬ ಹುಡುಗ ಕೂತ. ಗಣಿ ಕೆಲಸದವನು, ಹೊಸದಾಗಿ ಮದುವೆಯಾದವನು. ಹೆಂಡತಿಯನ್ನು ತವರಿನಲ್ಲಿ ಬಿಟ್ಟು ಶಿಫ್ಟಿಗೆ ಹೊರಟಿದ್ದ. ಅಷ್ಟು ಹೇಳಿ ಹಾಗೇ ನಿದ್ದೆಹೋದ. ಅವನ ಕೈ ಜಾರಿ ನನ್ನ ಚೀಲದ ಮೇಲೆ ಬಿತ್ತು. ಚೀಲದಿಂದ ಒಂದು ಕೋಳಿ ಕಾಲು ಹೊರಗೆ ಚಾಚಿಕೊಂಡಿತ್ತು. ನಿದ್ದೆಯಲ್ಲೇ ಅದನ್ನು ಮೆತ್ತಗೆ ಹಿಡಿದುಕೊಂಡ. ಬೆರಳೊಳಗೆ ಬೆರಳು ಸೇರಿಸಿದ. ತುಟಿಯಲ್ಲೊಂದು ನಗು ಮೂಡಿತು.

ಎದುರಿಗಿದ್ದ ಹೂವಿನ ಹೆಂಗಸು ಬಾಯಿಗೆ ಸೆರಗು ಅಡ್ಡ ಹಿಡಿದಳು. ನಾನು ಸನ್ನೆ ಮಾಡಿದೆ: ಎಬ್ಬಿಸಬೇಡಿ. ಎಚ್ಚರವಿದ್ದವರೆಲ್ಲ ಉಸಿರು ಹಿಡಿದು ಕೂತರು. ಹುಡುಗ ಆ ಕಾಲನ್ನು ಕೆನ್ನೆಗೆ ಒತ್ತಿಕೊಂಡ. ಆಮೇಲೆ ಯಾಕೋ ನಗು ಹೋಗಿ, ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು.

ಸ್ಟೇಷನ್ ಬಂದಾಗ ರೈಲು ಜಗ್ಗಿತು. ಅವನು ಕಣ್ಣುಬಿಟ್ಟು, ಕೈಯಲ್ಲಿದ್ದುದನ್ನು ಬಹಳ ಹೊತ್ತು ನೋಡಿದ.

"ಯಾಕಪ್ಪಾ ಅಳ್ತಿದ್ದೆ?" ಅಂದೆ.

"ಕೈ ಎಷ್ಟು ಒರಟಾಗೋಗೈತೆ, ತವರು ಮನೇಲಿ ಎಷ್ಟು ದುಡಿಸ್ತಾವ್ರೋ ಪಾಪ ಅಂತ ಸಂಕಟ ಆಯ್ತಣ್ಣಾ!"

ಮೂಗುಬೊಟ್ಟು

ನಂದಿದುರ್ಗ ಅನ್ನೋ ಗಣಿಯ ಲೈನ್ ಮನೆಯೊಂದರಲ್ಲಿ ಗಂಡ, ಹೆಂಡತಿ, ಗಂಡನ ತಾಯಿ ಇದ್ದರು. ಸೊಸೆ ನಾಲ್ಕು ಕೋಳಿ ಸಾಕಿದ್ದಳು. ಮಕ್ಕಳ ಹಾಗೆ. ಯಾರೂ ಅವುಗಳ ಮೇಲೆ ಕತ್ತಿ ಎತ್ತುವಂತಿರಲಿಲ್ಲ. ಒಂದು ದಿನ ಅವಳ ಚಿನ್ನದ ಮೂಗುಬೊಟ್ಟು ಕಳೆಯಿತು. ಅವಳ ತಾಯಿ ಸಾಯುವ ಮೊದಲು ಬಿಚ್ಚಿಕೊಟ್ಟದ್ದು ಅದು. ಸೊಸೆ ಅನ್ನ ಬಿಟ್ಟು ಅಳುತ್ತಾ ಕೂತಳು.

"ಬಾಗಿಲತ್ರ ಕೆಂಪು ಕೋಳಿ ಏನೋ ಕುಕ್ತಾ ಇತ್ತು, ನಾನು ನೋಡ್ದೆ" ಅಂದಳು ಅತ್ತೆ.

ಗಂಡ ನನ್ನನ್ನು ಕರೆದ. ಸೊಸೆ ಮುಖ ತಿರುಗಿಸಿಕೊಂಡು ಹೂಂ ಅಂದಳು. ಕೆಂಪು ಕೋಳಿ ಕೊಯ್ದೆ. "ಕಂದನಕಾಯಿ ನಾನೇ ನೋಡ್ತೀನಿ, ನಿಮಗೆಲ್ಲಾ ಕಣ್ಣು ಕಾಣಾಕಿಲ್ಲ" ಅಂತ ಮುದುಕಿ ಅದನ್ನು ಸೀಳಿ ಹುಡುಕಿದಳು. ಮರಳು, ಒಂದು ಗಾಜಿನ ಮಣಿ. ಮೂಗುಬೊಟ್ಟು ಇಲ್ಲ.

ಎರಡು ದಿನ ಬಿಟ್ಟು ಕರೀಕೋಳಿ. ಅದರೊಳಗೆ ಏನೋ ಮಿನುಗಿತು. ಲೈನಿನ ಜನವೆಲ್ಲ ಬಗ್ಗಿ ನೋಡಿದರು. ಅಂಗಿಯ ಗುಂಡಿ! ಆಮೇಲೆ ಚುಕ್ಕಿ ಕೋಳಿ. ಅದರಲ್ಲಿ ಬರೀ ಕಲ್ಲು.

"ದಿನವೆಲ್ಲಾ ಭೂಮಿ ಒಟ್ಟೇಲಿ ಚಿನ್ನ ಉಡುಕ್ತೀನಿ. ಮನೇಗ್ ಬಂದ್ರೆ ಕೋಳಿ ಒಟ್ಟೇಲೂ ಅದೇ ಕೆಲ್ಸ" ಅಂತ ಗಂಡ ಗೋಡೆಗೆ ಒರಗಿದ.

ಉಳಿದದ್ದು ಬಿಳೀ ಕೋಳಿ. ನಾನು ಕತ್ತಿ ತೆಗೆದಾಗ ಸೊಸೆ ಅದನ್ನು ಎದೆಗೆ ಅವಚಿಕೊಂಡು ಕೂತಳು. "ಬ್ಯಾಡ. ನಮ್ಮವ್ವನ ಮೂಗುಬೊಟ್ಟು ಓದ್ರೆ ಓಗ್ಲಿ. ಇದೊಂದು ಬದುಕಿರ್ಲಿ" ಅಂದಳು.

ಮುದುಕಿ ಅವಳನ್ನೇ ನೋಡುತ್ತಿದ್ದಳು. ದೊಡ್ಡದಾಗಿ ನಿಟ್ಟುಸಿರುಬಿಟ್ಟು ಸೆರಗಿನ ಗಂಟು ಬಿಚ್ಚಿದಳು. ಅಂಗೈಯಲ್ಲಿ ಮೂಗುಬೊಟ್ಟು ಹೊಳೆಯಿತು.

"ಎಲ್ಲಿತ್ತತ್ತೇ?!"

"ಒಲೆ ಪಕ್ಕ. ಕಳೆದ ದಿನಾನೇ ಸಿಕ್ತು."

"ಮತ್ಯಾಕೆ ಏಳ್ಲಿಲ್ಲ?"

"ಏಳಿದ್ರೆ ಒಂದನ್ನಾದ್ರೂ ಕೊಯ್ಯಾಕೆ ಬಿಡ್ತಿದ್ದೇನೇ? ನೀನು ಈ ಮನೇಗ್ ಬಂದಾಗಿಂದ ನಾನು ಕಂದನಕಾಯಿ ಮುಖಾನೇ ನೋಡಿರ್ಲಿಲ್ಲ!"