ಅಕ್ಕನಿಗೆ ಇನ್ಶೂರೆನ್ಸ್ ಇಲ್ಲ

ನಾನು ಮೊದಲ ಸಲ ಊರು ಬಿಟ್ಟಿದ್ದು ಒಂದು ಸೋಮವಾರ, ಏಳನೇ ಕ್ಲಾಸಿನ ಲೆಕ್ಕದ ಪಿರಿಯಡ್ಡಿನಲ್ಲಿ, ನೀರು ಕುಡಿದು ಬರುತ್ತೇನೆಂದು ಹೇಳಿ. ಆಮೇಲೆ ಎಲ್ಲಿ ಕೆಲಸಕ್ಕೆ ಸೇರಿದರೂ ಏನಾದರೊಂದು ಫಜೀತಿ ನಡೆಯುತ್ತಲೇ ಇರುತ್ತದೆ. ಎರಡು ಸಾವಿರದ ಇಸವಿಯ ಆಚೀಚೆ ನಂಜನಗೂಡಿನ ಒಂದು ಫ್ಯಾಕ್ಟರಿಯಲ್ಲಿದ್ದಾಗ ಕಂಪನಿಯವರು ನಮಗೆಲ್ಲ ಆರೋಗ್ಯ ವಿಮೆ ಮಾಡಿಸಲು ಹೊರಟರು. ಆಗ ನಡೆದದ್ದು ಇದು.

ಒಂದೇ ಜೋಡಿ

ಕ್ಯಾಂಟೀನಿನಲ್ಲಿ ಆಫೀಸರು ವಿವರಿಸಿದರು. ಹೊರರಾಜ್ಯದವರು, ಕನ್ನಡ ಕಲಿತು ಮಾತಾಡುತ್ತಿದ್ದರು. "ನೀವು, ಹೆಂಡತಿ, ಮಕ್ಕಳು. ಜೊತೆಗೆ ಹಿರಿಯರು ಒಂದೇ ಜೋಡಿ. ಇಲ್ಲಾ ನಿಮ್ಮ ಅಪ್ಪ ಅಮ್ಮ, ಇಲ್ಲಾ ಅತ್ತೆ ಮಾವ."

ಬನ್ನೂರಿನವನೊಬ್ಬ ಎದ್ದ. "ಸಾ, ನಮ್ಮವ್ವಂಗೂ ಉಸಾರಿಲ್ಲ, ನಮ್ಮ ಮಾವಂಗೂ ಉಸಾರಿಲ್ಲ. ಆ ಕಡೆಯಿಂದ ಒಬ್ರು, ಈ ಕಡೆಯಿಂದ ಒಬ್ರು ತಕ್ಕೊಳಾಕಾಗಲ್ವಾ?"

"ಆಗಲ್ಲ."

"ಅಂಗಾರೆ ನನ್ನ ಹೆಂಡ್ರುಗೆ ನೀವೇ ಬಂದು ಏಳಿ ಸಾ. ಬರಾಕೆ ಮುಂಚೆ ನಿಮಗೊಂದು ಇನ್ಶೂರೆನ್ಸ್ ಮಾಡಿಸ್ಕೊಂಡು ಬನ್ನಿ."

ನಂಬಿಕೊಂಡವರು

ನನ್ನ ಸರದಿ ಬಂತು.

"ವಿಳಾಸ?"

"ಈ ತಿಂಗಳದ್ದಾ ಸಾ, ಮುಂದಿನ ತಿಂಗಳದ್ದಾ?"

ಆಫೀಸರು ಪೆನ್ನು ಕೆಳಗಿಟ್ಟರು. "ನಿನ್ನನ್ನೇ ನಂಬಿಕೊಂಡಿರೋರು ಯಾರಯ್ಯಾ?"

"ಯಾರೂ ಇಲ್ಲ ಸಾ. ನಮ್ಮ ಕಡೆ ಜನ ಅಷ್ಟು ದಡ್ಡರಲ್ಲ."

ಅಕ್ಕನೋ ಅತ್ತೆಯೋ

ಬಾಯ್ಲರಿನಲ್ಲಿ ನನ್ನ ಜೊತೆಗಾರ ಹುಲ್ಲಹಳ್ಳಿಯವನು. ಚಿಕ್ಕಂದಿನಲ್ಲೇ ಅಪ್ಪ ಅವ್ವ ಹೋಗಿ, ಅಕ್ಕನೇ ಸಾಕಿದ್ದಳು. ಈಗ ಅವಳಿಗೆ ಪಿತ್ತಕೋಶದಲ್ಲಿ ಕಲ್ಲು. ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಿದ್ದಳು. ಆಪರೇಷನ್ ಆಗಲೇಬೇಕೆಂದು ಮೈಸೂರಿನ ಡಾಕ್ಟರು ಹೇಳಿದ್ದರು. ಇವನು ಓಡಿ ಹೋಗಿ ಅಕ್ಕನ ಹೆಸರು ಹೇಳಿದ. "ಅಕ್ಕನಿಗೆ ಇಲ್ಲ" ಎಂದರು ಆಫೀಸರು. ಸಪ್ಪೆ ಮುಖ ಹೊತ್ತು ವಾಪಸು ಬಂದ.

"ಅತ್ತೆ ಮಾವ ಯಾರೂ ಇಲ್ವೇನ್ಲಾ?" ಅಂದೆ.

"ನಂಗೆಲ್ಲಿ ಅತ್ತೆ ಮಾವ? ಇರೋದೇ ಅಕ್ಕ, ಭಾವ."

"ಮತ್ತೆ ನಿನ್ನ ಹೆಂಡ್ತಿ ಯಾರ ಮಗಳ್ಲಾ?"

"ಅಕ್ಕನ ಮಗಳು ಕಣ್ಲಾ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಲೇ, ಅಂಗಾರೆ ನಿಂಗೆ ಅತ್ತೆ ಯಾರ್ಲಾ?"

"ಅಯ್ಯೋ, ನಮ್ಮಕ್ಕ!" ಅಂದವನೇ ಕೈಲಿದ್ದ ಸಲಿಕೆ ಸಮೇತ ಆಫೀಸಿಗೆ ಓಡಿದ.

ಅಕ್ಕ ಬಂದಳು

ಆಫೀಸರು ನಂಬಲಿಲ್ಲ. "ಬೆಳಿಗ್ಗೆ ಅಕ್ಕ, ಮಧ್ಯಾಹ್ನ ಅತ್ತೆ? ನನ್ನನ್ನೇ ಆಟ ಆಡಿಸ್ತೀಯಾ? ಅವರನ್ನೇ ಕರ್ಕೊಂಡು ಬಾ."

ಮಾರನೇ ದಿನ ಅಕ್ಕ ಬಂದಳು. ಗೇಟಿನಿಂದ ಆಫೀಸಿನ ತನಕ ನಾನು ಹೇಳಿಕೊಡುತ್ತಲೇ ಬಂದೆ. "ಏನಾಗಬೇಕು ಅಂತ ಕೇಳಿದ್ರೆ ಅಳಿಯ ಅನ್ನಕ್ಕಾ. ಅಳಿಯ, ಅಷ್ಟೇ."

"ಊಂ ಕಣಪ್ಪಾ, ಅಂತೀನಿ" ಅಂದಳು.

ಆಫೀಸರು ಕುರ್ಚಿ ಎಳೆದು ಕೂರಿಸಿದರು. "ನೋಡಮ್ಮಾ, ಇವನು ನಿಮಗೆ ಏನಾಗಬೇಕು?"

ಅಕ್ಕ ತಮ್ಮನ ಮುಖ ನೋಡಿದಳು. ಅವನ ಬೆವರು ನೋಡಿದಳು. ಕಣ್ಣು ತುಂಬಿ ಬಂತು. "ಇವ್ನಾ ಸ್ವಾಮಿ? ಸೊಂಟದ ಮೇಲೆ ಎತ್ತಾಡ್ಸಿ ಬೆಳಸಿವ್ನಿ. ನನ್ನ ಮಗ!"

ನಾನು ತಲೆ ಚಚ್ಚಿಕೊಂಡೆ. ಜೊತೆಗಾರ ಅಲ್ಲೇ ಕುಕ್ಕರಿಸಿದ. ಆಫೀಸರು ಪೆನ್ನು ತೆಗೆದು ಫಾರಮ್ಮಿಗೆ ಸಹಿ ಹಾಕಿದರು.

"ತಾಯಿ ಆದರೂ ಇನ್ಶೂರೆನ್ಸ್ ಇದೆ, ಅತ್ತೆ ಆದರೂ ಇದೆ. ದಯವಿಟ್ಟು ಇನ್ನೊಂದು ಸಲ ಅಕ್ಕ ಅನ್ನಬೇಡಿ. ಹೊರಡಿ ಅಕ್ಕಾ!"

ಮೈಸೂರಿನಲ್ಲಿ ಆಪರೇಷನ್ ಆಯಿತು. ಅಕ್ಕ ಎದ್ದು ಓಡಾಡಿ, ನಮ್ಮಿಬ್ಬರಿಗೂ ಮುದ್ದೆ ಬಡಿಸಿದ ವಾರವೇ ನಾನು ಬ್ಯಾಗಿಗೆ ಬಟ್ಟೆ ತುರುಕುತ್ತಿದ್ದೆ. ನರಸೀಪುರದ ಅಕ್ಕಿ ಗಿರಣಿಯಲ್ಲಿ ಜನ ಬೇಕಂತೆ.

ಜೊತೆಗಾರ ಬಾಗಿಲಿಗೆ ಅಡ್ಡ ನಿಂತ. "ಇನ್ಶೂರೆನ್ಸ್ ಇರೋ ಕಂಪನಿ ಬುಟ್ಟು ಓಯ್ತಾ ಇದೀಯಲ್ಲೋ. ನಾಳೆ ಕಾಯ್ಲೆ ಗೀಯ್ಲೆ ಬಂದ್ರೆ?"

"ನಾನು ಎಲ್ಲಿವ್ನಿ ಅಂತ ಮೊದ್ಲು ಅದು ಪತ್ತೆ ಅಚ್ಲಿ ತಕ್ಕೊ" ಅಂದು ಜಿಪ್ ಎಳೆದೆ.