ಕಾಕನ ಬಳ್ಳಿ

ಬಂಡೆಗೆ ಹಗ್ಗ ಕಟ್ಟಿ ಇಳಿಯುವ ಕೆಲಸಕ್ಕೆ ಸೇರಿದವನಿಗೆ ನಗುವ ಸಂಗತಿಗಳು ಕಾಲಿಗೆ ತೊಡರುತ್ತಲೇ ಇರುತ್ತವೆ. ಈಗ ಅವನ್ನು ಹೇಳಿ ನಗುವ ಅಂದರೆ ಜೊತೆಗಿದ್ದ ಕಾಕ ಇಲ್ಲ.

ಕಾಕ ಲಾರಿಗೆ ಲೋಡು ಕಟ್ಟುತ್ತಿದ್ದವರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹೋಟೆಲು, ಬಸ್ಸು ಅಂತ ಊರೂರು ಅಲೆದವನು. ತೊಂಬತ್ತರ ದಶಕದಲ್ಲಿ ಉಜಿರೆಯ ಕಾಲೇಜಿನ ಸರ್ ಒಬ್ಬರು ಮಕ್ಕಳಿಗೆ ಬಂಡೆ ಹತ್ತುವ ಶಿಬಿರ ಶುರು ಮಾಡಿ ನಮ್ಮಿಬ್ಬರನ್ನೂ ಸೇರಿಸಿಕೊಂಡರು.

ಆರು ಎಮ್ಮೆ

ದೊಡ್ಡ ಹಗ್ಗಕ್ಕೆ ತೆಳು ಬಳ್ಳಿಯನ್ನು ಸುತ್ತಿ ಹಾಕುವ ಗಂಟೊಂದುಂಟು, ಇಳಿಯುವವನ ಕೈ ತಪ್ಪಿದರೆ ತಡೆಯಲಿಕ್ಕೆ. ಭಾರ ಬಿದ್ದರೆ ಕಚ್ಚಬೇಕು, ತೆಗೆದರೆ ಜಾರಬೇಕು. ಬಳ್ಳಿ ದಪ್ಪವಾದರೆ ಕಚ್ಚುವುದಿಲ್ಲ, ತೀರಾ ಸಪೂರವಾದರೆ ಬಿಡುವುದಿಲ್ಲ. ಸರಿಯಾದ ಅಳತೆಯದ್ದನ್ನು ಹುಡುಕಿಕೊಂಡು ಬಂಟ್ವಾಳ ಪೇಟೆಗೆ ಹೋದೆವು.

"ಆರು ಎಂ.ಎಂ. ಬಳ್ಳಿ ಉಂಟಾ?" ಎಂದರು ಸರ್.

ಅಂಗಡಿಯ ಅಜ್ಜನಿಗೆ ಕಿವಿ ಮಂದ. ಒಳಗಿದ್ದ ಮಗನಿಗೆ ಕೂಗಿ ಹೇಳಿದರು: "ಆರು ಎಮ್ಮೆಗೆ ಬಳ್ಳಿ ಬೇಕಂತೆ, ಗಟ್ಟಿಯದ್ದು ಕೊಡು!"

ಸರ್ ತಿದ್ದಲು ಬಾಯಿ ತೆರೆದರು. ಕಾಕ ತಡೆದರು: "ಇರಲಿ ಸರ್, ಎಮ್ಮೆಗಳೇ. ಬಂಡೆ ಹತ್ತುವ ಜಾತಿ."

ಹೊಸ ಬಳ್ಳಿ

ಬೆಳ್ತಂಗಡಿ ಕಡೆಯ ಬಂಡೆಯೊಂದರಲ್ಲಿ ಆ ಬಳ್ಳಿಯ ಪರೀಕ್ಷೆ. ಹೊಸತು, ಬಿದಿರಿನ ಸಿಗುಳಿನ ಹಾಗೆ ಸೆಟೆದಿತ್ತು. ಆಳೆತ್ತರದಲ್ಲಿ ಗಂಟು ಹಾಕಿದ ಕಾಕ, "ಈಗ ಕೈ ಬಿಡ್ತೇನೆ, ನೋಡಿ ಮಕ್ಕಳೇ" ಎಂದರು. ಬಿಟ್ಟರು. ಗಂಟು ಕಚ್ಚಲೇ ಇಲ್ಲ. ಕಾಕ ಸರ್ರನೆ ಜಾರಿ ಬಂದು ಸರ್ ಅವರ ಊಟದ ಡಬ್ಬಿಯ ಮೇಲೆ ಕೂತರು.

ಒಬ್ಬಳು ಹುಡುಗಿ ಗಂಭೀರವಾಗಿ ಕೇಳಿದಳು: "ಇಷ್ಟೇನಾ ಕಾಕಾ?"

"ಇದು ತಪ್ಪು ಬಳ್ಳಿ. ಸರಿಯಾದ್ದು ನಾಳೆ ತೋರಿಸ್ತೇನೆ ಮಗಾ, ಎದ್ದು ನಿಲ್ಲಲಿಕ್ಕೆ ಆದರೆ."

ಬೆರಳು

ಅಂದಿನಿಂದ ಕಾಕ ಬಳ್ಳಿಯನ್ನು ಮಡಚಿ, ಕಣ್ಣು ಮುಚ್ಚಿ ಬೆರಳಲ್ಲಿ ಹಿಸುಕಿ ನೋಡುತ್ತಿದ್ದರು. ಮಡಿಕೆಯ ನಡುವಿನ ತೂತು ಮುಚ್ಚಿಹೋದರೆ ಬಳ್ಳಿ ಮೆದು, ಕಚ್ಚುತ್ತದೆ. ವರ್ಷಗಟ್ಟಲೆ ಅವರ ಬೆರಳು ನಂಬಿಯೇ ಮಕ್ಕಳು ಇಳಿದರು.

ಆಮೇಲೆ ಕಾಕನಿಗೆ ಸಕ್ಕರೆ ಕಾಯಿಲೆ ಬಂತು. ಮೆಲ್ಕಾರಿನಲ್ಲಿ ಬಸ್ಸಿಗೆ ಕಾಯುತ್ತಾ ಒಂದು ದಿನ ಕಣ್ಣು ಮುಚ್ಚಿ ಹಿಸುಕಿ, "ಒಳ್ಳೆ ಬಳ್ಳಿ, ಇದನ್ನೇ ತೆಗೆದಿಡು" ಎಂದರು.

"ಕಾಕಾ, ಅದು ನನ್ನ ಚೀಲದ ಪಟ್ಟಿ."

"ಹಾಗಾದರೆ ಒಳ್ಳೆ ಚೀಲ ಮಾರಾಯ!"

ಇಬ್ಬರೂ ನಕ್ಕೆವು. ಆಮೇಲೆ ಅವರು ಆ ಕೈಯನ್ನು ಜೇಬಿಗೆ ಹಾಕಿದರು. ಬಸ್ಸು ಹತ್ತುವಾಗಲೂ ತೆಗೆಯಲಿಲ್ಲ.

ಸರಿಯಾದ ಬಳ್ಳಿ

ಬೆರಳಿಗೆ ಸ್ಪರ್ಶ ಹೋಗಿದೆ, ಇನ್ನು ಬಂಡೆ ಬೇಡ ಎಂದರು ಡಾಕ್ಟರು. ಸರ್ ಕೂಡ ಹಾಗೇ ಹೇಳಿದರು. ಕಾಕ ಮೂಡುಬಿದಿರೆಯ ಶಿಬಿರಕ್ಕೆ ಬಂದು, "ಒಂದು ಸಲ ಇಳಿಯುತ್ತೇನೆ, ಮತ್ತೆ ಕೇಳುವುದಿಲ್ಲ" ಎಂದರು. ಇನ್ನೊಂದು ಹಗ್ಗದಲ್ಲಿ ನಾನು ಕೆಳಗೆ ನಿಂತು ಅವರನ್ನು ಹಿಡಿದುಕೊಳ್ಳುವುದಾದರೆ ಆಗಬಹುದು ಎಂದು ಸರ್ ಒಪ್ಪಿದರು.

ಅರ್ಧ ಬಂಡೆ ಚೆಂದಕ್ಕೆ ಇಳಿದರು. ಅಲ್ಲಿ ಗಂಟು ಬಿಗಿದು ನಿಂತಿತು. ಕಾಕ ತೂಗಾಡಿದರು.

ಸರ್ ಮಕ್ಕಳ ಕಡೆ ತಿರುಗಿ, "ನೋಡಿ, ಬಳ್ಳಿ ಆರಿಸುವಾಗ ತಪ್ಪಿದರೆ ಹೀಗಾಗುತ್ತದೆ" ಎಂದು ಪಾಠ ಶುರು ಮಾಡಿದರು.

ನಾನು ಕೂಗಿದೆ: "ಕಾಕಾ, ಅಷ್ಟು ಸಪೂರದ್ದು ಯಾಕೆ ಹಾಕಿದ್ದು? ಬಿಗಿದರೆ ಬಿಡುವುದಿಲ್ಲ ಅಂತ ನೀವೇ ಹೇಳ್ತಿದ್ದದ್ದಲ್ವಾ?"

"ಗೊತ್ತುಂಟು ಮಾರಾಯ. ಅದಕ್ಕೇ ಹಾಕಿದ್ದು."

"ಇಳಿಯುವುದಿಲ್ವಾ?"

"ಇಳಿದರೆ ಮತ್ತೆ ಹತ್ತಲಿಕ್ಕೆ ಬಿಡ್ತೀರಾ ನೀವು?"

ಮಕ್ಕಳೆಲ್ಲ ಗೊಳ್ಳೆಂದರು. ಸರ್ ಕನ್ನಡಕ ತೆಗೆದು ಒರೆಸತೊಡಗಿದರು. ನನಗೆ ಹಗ್ಗ ಬಿಟ್ಟು ಕಣ್ಣೊರೆಸಿಕೊಳ್ಳುವ ಹಾಗೂ ಇರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಮೇಲಿನಿಂದ ಮತ್ತೆ ಸ್ವರ ಬಂತು: "ಚಾ ಆದರೆ ಇಲ್ಲಿಗೇ ಕಳುಹಿಸಿ. ಸಕ್ಕರೆ ಜಾಸ್ತಿ ಹಾಕಿ. ಡಾಕ್ಟರು ಇಷ್ಟು ಮೇಲೆ ಬರುವುದಿಲ್ಲ!"