ಗಾಳದ ಕೋಲಿಗೆ ಎಂಟು ಬಳೆ

ಎಂಟು ಕೋಟು ಹೊಲಿದವನಿಗೆ ಎಂಟು ಕೋಟು ನೇತುಹಾಕಲು ಜಾಗ ಬೇಡವೇ? ಇದು ಇಂಚಪ್ಪನ ವಾದ. (ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಮಲಗುವ ಈ ಟೈಲರಿಗೆ ಹೆತ್ತವರು ಇಟ್ಟ ಹೆಸರು ಬೇರೆ. ಅದೀಗ ಅವನು ಸಹಿ ಹಾಕುವಾಗ ಮಾತ್ರ ನೆನಪಾಗುತ್ತದೆ.) ಶನಿವಾರ ಬೆಳಿಗ್ಗೆ ಬ್ಯಾಂಡಿನವರ ಎಂಟು ಕೋಟುಗಳು ಇಸ್ತ್ರಿಯಾಗಿ ಸಿದ್ಧವಾಗಿದ್ದವು. ಮನೆಯ ಗೋಡೆಯ ಮೊಳೆಗಳೆಲ್ಲ ಭರ್ತಿ. ಆಗ ಅವನ ಕಣ್ಣಿಗೆ ಬಿದ್ದದ್ದು ಬಾಗಿಲ ಹಿಂದೆ ಒರಗಿಸಿಟ್ಟಿದ್ದ ಮಾವನ ಗಾಳದ ಕೋಲು.

ಆ ಕೋಲಿನ ಉದ್ದಕ್ಕೂ ಗಾಳದ ದಾರ ತೂರಿಸಲೆಂದು ನೂಲು ಸುತ್ತಿ ಕೂರಿಸಿದ ಎಂಟು ಲೋಹದ ಬಳೆಗಳಿದ್ದವು, ರೀಲಿನ ಹತ್ತಿರ ದೊಡ್ಡದು, ತುದಿಗೆ ಹೋದಂತೆ ಚಿಕ್ಕದು. ಇಂಚಪ್ಪ ಎರಡು ಕಪಾಟುಗಳ ಮೇಲೆ ಕೋಲನ್ನು ಅಡ್ಡ ಇಟ್ಟು, ಬಳೆಗೊಂದು ಕೋಟಿನಂತೆ ನೇತುಹಾಕಿದ. ಹ್ಯಾಂಗರಿನ ಕೊಕ್ಕೆ ಹಿಡಿಸದ ಚಿಕ್ಕ ಬಳೆಗಳಿಗೆ ಸೇಫ್ಟಿ ಪಿನ್ನು ಹಾಕಿದ. ಎರಡು ಹೆಜ್ಜೆ ಹಿಂದೆ ಸರಿದು, ತನ್ನ ಬುದ್ಧಿಗೆ ತಾನೇ ತಲೆದೂಗಿದ. ಐದು ನಿಮಿಷದಲ್ಲಿ ಎಂಟೂ ಕೋಟು ನೆಲದ ಮೇಲಿದ್ದವು, ಅವುಗಳ ಜೊತೆಗೆ ಎಂಟೂ ಬಳೆ.

ಇಂಚಪ್ಪ ಕೋಟುಗಳನ್ನು ಬಿಟ್ಟು ಮೊದಲು ಬಳೆಗಳನ್ನು ಹೆಕ್ಕಿದ. ಮಾವ ನಿವೃತ್ತ ಇಂಜಿನ್ ಡ್ರೈವರು, ಮಿತಭಾಷಿ. ಮರುದಿನ ಕೆರೆಯ ದಂಡೆಯಲ್ಲಿ ಗಾಳ ಎಸೆಯುವ ಪಂದ್ಯ. ಯಾರ ಸೀಸದ ಗುಂಡು ದೂರ ಬೀಳುತ್ತದೋ ಅವರದೇ ಗೆಲುವು. ಮೂರು ವರ್ಷದಿಂದ ಅವರು ಕ್ಷೌರಿಕನೊಬ್ಬನ ಎದುರು ನಾಲ್ಕೇ ಹೆಜ್ಜೆಯ ಅಂತರದಲ್ಲಿ ಸೋಲುತ್ತಿದ್ದರು. ತಮ್ಮ ಮನೆಗೆ ಸುಣ್ಣ ಬಳಿಸುತ್ತಿದ್ದುದರಿಂದ ಕೋಲನ್ನು ಮಗಳ ಮನೆಯಲ್ಲಿ ಜೋಪಾನವಾಗಿ ಇಟ್ಟುಹೋಗಿದ್ದರು. ಸಂಜೆ ನಾಲ್ಕಕ್ಕೆ ಬರುತ್ತೇನೆಂದಿದ್ದರು. ಮೊದಲೇ ಮಾವನ ಮನೆಯಲ್ಲಿ ಇಂಚಪ್ಪನ ಮರ್ಯಾದೆ ಅಷ್ಟಕ್ಕಷ್ಟೇ. ಹನ್ನೊಂದು ವರ್ಷದ ಹಿಂದೆ ಮಾವನಿಗೆ ಹೊಲಿದುಕೊಟ್ಟ ಪ್ಯಾಂಟಿನ ಒಂದು ಕಾಲು ಗಿಡ್ಡವಾದಾಗಿನಿಂದ ಅವರು ಅಳಿಯನನ್ನು ನೋಡಿ ನಕ್ಕಿದ್ದೇ ಇಲ್ಲ.

ಬಳೆಗಳನ್ನು ಇದ್ದಲ್ಲೇ ಇಟ್ಟು ಕಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಇಂಚಪ್ಪನಿಗೆ ಅಚ್ಚುಕಟ್ಟುತನವೆಂಬ ರೋಗವಿದೆ. ಹಳೆಯ ನೂಲು, ವಾರ್ನಿಷಿನ ಕಲೆ ಎಲ್ಲವನ್ನೂ ಮರಳು ಕಾಗದದಲ್ಲಿ ಉಜ್ಜಿ ಕೋಲನ್ನು ನುಣ್ಣಗೆ ಮಾಡಿದ. ಆಮೇಲೆ ನೋಡಿದರೆ ಯಾವ ಬಳೆ ಎಲ್ಲಿತ್ತು ಎಂಬುದಕ್ಕೆ ಒಂದು ಗುರುತೂ ಉಳಿದಿರಲಿಲ್ಲ.

ಅಡುಗೆಮನೆಯಿಂದ ಬಂದ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನ್ರೀ ಇದು?"

"ರಿಪೇರಿ."

"ಕೇಳಿದ್ದು ಯಾರು?"

"ನೋಡೇ, ಕೋಟಿನ ಗುಂಡಿ ಕೂರಿಸೋನಿಗೆ ಇದೇನು ಮಹಾ? ಉದ್ದ ಅಳೆದು ಸಮನಾಗಿ ಭಾಗ ಮಾಡಿದರೆ ಮುಗೀತು."

"ಸಮನಾಗಿ ಇಟ್ಟರೆ ಆಗಲ್ಲ ಕಣ್ರೀ. ಅಪ್ಪ ಮೊದಲು ಬಳೆಗಳನ್ನ ಅಂಟುಟೇಪಲ್ಲಿ ಕೂರಿಸಿ, ಕೋಲು ಬಗ್ಗಿಸಿ ನೋಡೋರು. ಚಿಕ್ಕವಳಿದ್ದಾಗ ದಾರದ ತುದಿ ಹಿಡಿದು ನಿಲ್ತಿದ್ದದ್ದು ನಾನೇ."

"ಅದು ಅಳತೆ ಗೊತ್ತಿಲ್ಲದವರ ಕ್ರಮ," ಎಂದು ಇಂಚಪ್ಪ ಮೂಗು ಮುರಿದ. (ಆ ಗಳಿಗೆಯಲ್ಲಿ ಅವನ ಮುಖದಲ್ಲಿದ್ದ ಗಾಂಭೀರ್ಯ ಅರಮನೆಯ ಶಿಲ್ಪಿಗಳಿಗೂ ಇದ್ದಿರಲಾರದು.) ಅರ್ಧ ಇಂಚೂ ತಪ್ಪದಂತೆ ಅಳೆದು, ಅಂಟುಟೇಪಿನಿಂದ ಎಂಟು ಬಳೆ ಕೂರಿಸಿ, ದಾರ ಪೋಣಿಸಿ, ಗುಂಡು ಕಟ್ಟಿ ಮನೆ ಎದುರಿನ ಖಾಲಿ ಮೈದಾನಕ್ಕೆ ನಡೆದ. ಬಲವೆಲ್ಲ ಬಿಟ್ಟು ಬೀಸಿದ. ದಾರ ಕೋಲಿಗೆ ಪಟಪಟನೆ ಬಡಿಯಿತು. ಗುಂಡು ಹತ್ತು ಹೆಜ್ಜೆ ದೂರ ಹೋಗಿ, ಪಕ್ಕದ ಮನೆಯವರ ಸ್ಕೂಟರಿನ ಸೀಟಿನ ಮೇಲೆ ಬಿತ್ತು.

ಇನ್ನೊಂದು ಸಲ ಬೀಸಿದ. ಈ ಸಲ ಏಳೇ ಹೆಜ್ಜೆ. ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಕೋಲು ಹಿಡಿದುಕೊಂಡು ಮೆಲ್ಲಗೆ ಒಳಗೆ ಬಂದ.

"ಹೋಗಲಿ, ಈಗ ಏನು ಮಾಡಬೇಕು ಹೇಳು," ಎಂದ. ನಿಜಕ್ಕೂ ಅವನಿಗೆ ಭಯವಾಗಿತ್ತು.

ಹೆಂಡತಿ ಸೆರಗು ಸಿಕ್ಕಿಸಿದಳು. ದಾರದ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, "ಎತ್ತಿ, ಇನ್ನೂ ಎತ್ತಿ," ಎಂದಳು. ಕೋಲು ಬಾಗಿತು. "ನೋಡಿದ್ರಾ? ಬುಡ ದಪ್ಪ, ಅದು ಬಗ್ಗಲ್ಲ. ತುದಿ ಸಣ್ಣ, ಬಗ್ಗೋದೆಲ್ಲ ಅಲ್ಲೇ. ಅಲ್ಲಿ ಬಳೆ ದೂರ ದೂರ ಇದ್ರೆ ದಾರ ಕೋಲಿನ ಜೊತೆ ಬಗ್ಗದೆ ಅಡ್ಡದಾರಿ ಹಿಡಿಯುತ್ತೆ. ತುದೀಲಿ ಒತ್ತೊತ್ತಾಗಿ, ಬುಡಕ್ಕೆ ಬರ್ತಾ ಬರ್ತಾ ದೂರ ಇಡಬೇಕು." ಒಂದೊಂದೇ ಬಳೆ ಸರಿಸುತ್ತ, ಪ್ರತಿಸಲ ಕೋಲು ಬಗ್ಗಿಸಲು ಹೇಳುತ್ತ, ದಾರ ಕೋಲಿನ ಬಾಗನ್ನೇ ಹಿಂಬಾಲಿಸುವ ತನಕ ಬಿಡಲಿಲ್ಲ. ಇಂಚಪ್ಪನ ರಟ್ಟೆ ಬಿದ್ದುಹೋಯಿತು.

ನೂಲು ಸುತ್ತುವಾಗ ಅವನಿಗೆ ಮತ್ತೆ ಸ್ವಾಭಿಮಾನ ಬಂತು. "ನೂಲಿನ ವಿಷಯಕ್ಕೆ ಮಾತ್ರ ಬರಬೇಡ," ಎಂದು ತುದಿಯ ಬಳೆಗೆ ತಾನೇ ಸುತ್ತಿ, ಕೋಟಿನ ಗುಂಡಿಗೆ ಹಾಕುವ ಗಂಟು ಹಾಕಿದ.

"ಗಂಟು ಹಾಕಬಾರದು ರೀ. ನೂಲಿನ ಕೊನೇನ ಸುತ್ತಿನ ಅಡಿಗೇ ಎಳೆದುಕೋಬೇಕು. ಮೇಲೆ ನೇಲ್ ಪಾಲಿಶ್ ಬಳಿಯೋಣ."

"ನನ್ನ ಗಂಟಿಗೆ ಪಾಲಿಶ್ ಬೇಕಿಲ್ಲ."

ಆ ಒಂದು ಬಳೆಗೇ ಅವನು ಅರ್ಧ ಗಂಟೆ ತೆಗೆದುಕೊಂಡಿದ್ದರಿಂದ ಉಳಿದ ಏಳನ್ನೂ ಹೆಂಡತಿಯೇ ಸುತ್ತಿ, ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿದಳು. ಇಂಚಪ್ಪ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸಿ ಒಣಗಿಸಿದ.

ನಾಲ್ಕಕ್ಕೆ ಸರಿಯಾಗಿ ಮಾವ ಬಂದರು. ಕೋಲನ್ನು ಒಮ್ಮೆ ನೋಡಿ ಮೈದಾನಕ್ಕೆ ಹೋದರು. ಇಂಚಪ್ಪ ಹಿಂದೆ ನಿಂತ. ಮಾವ ಬೀಸಿದರು. ಗುಂಡು ಸುಯ್ಯೆಂದು ಹೋಗಿ ಮೈದಾನದ ಆಚೆಯ ಕಾಂಪೌಂಡಿನ ಬುಡದಲ್ಲಿ ಬಿತ್ತು. ಮಾವ ಹೆಜ್ಜೆ ಎಣಿಸುತ್ತ ಹೋಗಿ, ಎಣಿಸುತ್ತ ವಾಪಸು ಬಂದರು.

"ಹೋದ ವರ್ಷಕ್ಕಿಂತ ಒಂಬತ್ತು ಹೆಜ್ಜೆ ಜಾಸ್ತಿ," ಎಂದರು.

ಇಂಚಪ್ಪನಿಗೆ ಹೋದ ಜೀವ ಬಂತು. ಬಂದ ಜೀವ ಸುಮ್ಮನಿರಬೇಕಲ್ಲ? "ಎಲ್ಲ ನಾನೇ ಮಾವ. ಸ್ವಲ್ಪ ಸಡಿಲ ಅನ್ನಿಸ್ತು, ಹೊಸದಾಗಿ ಕೂರಿಸಿದೆ," ಎಂದುಬಿಟ್ಟ. ಬಾಗಿಲಲ್ಲಿದ್ದ ಹೆಂಡತಿ ಹುಬ್ಬೇರಿಸಿದಳು.

ಮಾವ ಕನ್ನಡಕ ಹಾಕಿಕೊಂಡು ಬಳೆಗಳ ಮೇಲೆ ಬೆರಳಾಡಿಸಿದರು. "ಏಳು ಬಳೆಗೆ ನೂಲು ಎಡಗೈಯಲ್ಲಿ ಸುತ್ತಿದ ಹಾಗಿದೆ. ನಮ್ಮಲ್ಲಿ ಎಡಗೈಯವಳು ನನ್ನ ಮಗಳೊಬ್ಬಳೇ. ತುದೀದು ಮಾತ್ರ ಬಲಗೈ," ಎಂದು ಅದನ್ನು ಮುಟ್ಟಿದರು. ಗಂಟು ಬಿಚ್ಚಿಕೊಂಡು ಬಳೆ ಅವರ ಅಂಗೈಗೆ ಬಂತು.

"ಏಳು ಮಗಳದು, ಒಂದು ನಿಮ್ಮದು. ಸರಿ. ಇವನ್ನೆಲ್ಲ ಕಿತ್ತಿದ್ದು ಯಾರು, ಅಳಿಯಂದಿರೇ?"

ಇಂಚಪ್ಪ ಕೊರಳ ಟೇಪಿನ ಎರಡೂ ತುದಿ ಹಿಡಿದುಕೊಂಡು ನೆಲ ನೋಡಿದ. "ಅದು... ಎಂಟೂ ನಾನೇ, ಮಾವ."

ಹನ್ನೊಂದು ವರ್ಷದಲ್ಲಿ ಮೊದಲ ಸಲ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಷ್ಟು ನಕ್ಕರೆಂದರೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳಬೇಕಾಯಿತು. ಎದೆಯ ಭಾರ ಇಳಿದು ಇಂಚಪ್ಪನೂ ನಕ್ಕ.

"ಅಂತೂ," ಎಂದರು ಮಾವ, ಬಳೆಯನ್ನು ಮಗಳ ಕೈಗೆ ಕೊಡುತ್ತ, "ಒಂದು ಕೆಲಸನಾದರೂ ಪೂರ್ತಿ ನೀವೇ ಮಾಡಿದಿರಲ್ಲ."